ಜಾಲಿ ಕಟ್ಟಿಗೆಯ ಗುಂಡು

ನನ್ನ ಗಂಡ ಕಾರು ಮಾರಲು ಒಪ್ಪಿದ್ದು ಒಂದೇ ಒಂದು ಷರತ್ತಿನ ಮೇಲೆ. ಗೇರಿನ ಗುಂಡು ಗಾಡಿಯ ಜೊತೆ ಹೋಗಬಾರದು, ಅದನ್ನು ಬಿಚ್ಚಿ ತನ್ನ ಕೈಗೆ ಕೊಡಬೇಕು. ಗೇರು ಬದಲಿಸುವಾಗ ಅಂಗೈಯೊಳಗೆ ಕೂಡುವ ಆ ಉಂಡೆಗೆ ಗ್ಯಾರೇಜಿನವರು ನಾಬ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಅದು ಗುಂಡು. ತಿರುಗಿಸಿದರೆ ಬಂದುಬಿಡುತ್ತದೆ, ಇದೇನು ಮಹಾ ಎಂದುಕೊಂಡು ನಾನು ಹೂಂ ಅಂದೆ. ನನಗೆ ಬೇಕಾಗಿದ್ದದ್ದು ಆ ಕಾರು ನಮ್ಮ ಬಾಗಿಲ ಮುಂದಿನಿಂದ ತೊಲಗುವುದು.

ನಾನು ಜಮಖಂಡಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಬಗ್ಗೆ ಮಕ್ಕಳೂ ಹೇಳುತ್ತಾರೆ, ಹೆಡ್‌ಮಾಸ್ತರರೂ ಹೇಳುತ್ತಾರೆ. ಗಂಡ ಮಾತ್ರ ಹೇಳುತ್ತಿರಲಿಲ್ಲ. ಆತ ಬಾಡಿಗೆ ಕಾರು ಓಡಿಸುವವ. ಮುಧೋಳ, ಬೀಳಗಿ, ಬನಹಟ್ಟಿ, ತೇರದಾಳ ಎಂದು ಹಗಲೆಲ್ಲ ಹೊರಗಿದ್ದು, ನಾನು ಶಾಲೆಯ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡಾದ ಮೇಲೆ ಮನೆಗೆ ಬರುವ ಜಾಣ. ಹೆರಿಗೆಗೆ ಹೊರಟವರು, ಹೆಣ್ಣು ನೋಡಲು ಹೊರಟವರು, ಸತ್ತವರ ಮಣ್ಣಿಗೆ ಹೊರಟವರು, ಎಲ್ಲರೂ ಆತನ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ರಸ್ತೆ ತುಂಬ ತೆವಳುವಾಗ ಉಳಿದವರು ಹಾರ್ನು ಒತ್ತಿ ಒತ್ತಿ ಸಾಯುತ್ತಿದ್ದರೆ, ಈತ ಎರಡನೇ ಗೇರಿಗೆ ಹಾಕಿ ಗುಂಡಿನ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಿರುತ್ತಿದ್ದ. ಆ ಸಮಾಧಾನ ನೋಡಿ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆತನ ಕಣ್ಣು ಹೋಗತೊಡಗಿದ್ದು ನಮಗೆ ಗೊತ್ತಾಗಿದ್ದು ತಡವಾಗಿ. ಮೊದಲು ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಇಟ್ಟ ನೀರಿನ ತಂಬಿಗೆ ಉರುಳಿಸುತ್ತಿದ್ದ. ನಾನು ಬೈಯುತ್ತಿದ್ದೆ, ಆತ ಒರೆಸುತ್ತಿದ್ದ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಕಣ್ಣಿಗೆ ಔಷಧದ ಹನಿ ಬಿಡಿ, ಗಾಡಿ ಮಾತ್ರ ಓಡಿಸಬೇಡಿ ಎಂದರು. ಏನು ತೊಂದರೆ ಆಗುತ್ತಿದೆ ಎಂದು ಅವರು ಕೇಳಿದಾಗ ಈತ ಹೇಳಿದ್ದು, "ಏನಿಲ್ರೀ, ಬಾಜೂಕ ಸ್ವಲ್ಪ ಮಬ್ಬ." ಅಷ್ಟೇ. ಕಾಣುವುದಿಲ್ಲ ಎಂಬ ಮಾತು ಆತನ ಬಾಯಿಂದ ಬರಲೇ ಇಲ್ಲ.

ಕಷ್ಟವೇನೆಂದರೆ ನೇರ ಎದುರಿಗೆ ಇರುವುದು ಆತನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಬೀಳಗಿಯ ಕಡೆ ಹೋಗುವಾಗ ದೂರದ ಬೋರ್ಡನ್ನು ನನಗಿಂತ ಮೊದಲು ಓದುತ್ತಿದ್ದ, ಓದಿ ನನ್ನತ್ತ ಹೆಮ್ಮೆಯಿಂದ ತಿರುಗುತ್ತಿದ್ದ. ಎಡಕ್ಕೆ, ಬಲಕ್ಕೆ ಇರುವುದು ಮಾತ್ರ ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಕೊಳವೆಯೊಳಗೆ ಕಂಡದ್ದೇ ಜಗತ್ತು ಎಂದು ನಂಬಿದವನಿಗೆ ಯಾರು ಏನು ಹೇಳುವುದು? ನಾನು ಕಾರಿನ ಕೀಲಿಕೈಯನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟೆ. ಆತನ ಬಳಿ ಇನ್ನೊಂದು ಇತ್ತು. ಅದನ್ನೂ ಕಸಿದುಕೊಂಡೆ. ಮರುದಿನ ಮುಧೋಳ ರಸ್ತೆಯ ಗ್ಯಾರೇಜಿಗೆ ಹೋಗಿ ಅಲ್ಲಿದ್ದ ಮೂರನೆಯದನ್ನು ತಂದ. ಊರವರೆಲ್ಲ ಆತನ ಕಡೆಯವರೇ.

ಕೊನೆಗೆ ಆತನನ್ನು ನಿಲ್ಲಿಸಿದ್ದು ನಾನಲ್ಲ, ಡಾಕ್ಟರೂ ಅಲ್ಲ, ಒಂದು ಕುರಿ. ಸಂಬಂಧಿಕರ ಮನೆಯಿಂದ ಲೋಕಾಪುರದ ದಾರಿಯಲ್ಲಿ ತಿರುಗಿ ಬರುತ್ತಿದ್ದೆವು. ಹೊತ್ತು ಇಳಿದಿತ್ತು, ಆದರೆ ಬೆಳಕಿತ್ತು. ಎಡಗಡೆಯ ಹೊಲದಿಂದ ಒಂದು ಹಿಂಡು ರಸ್ತೆಗೆ ಏರುತ್ತಿತ್ತು. ಆತನ ಪಕ್ಕದಲ್ಲೇ ಕೂತಿದ್ದ ನನಗೆ ಹಿಂಡೆಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಆತನಿಗೂ ಕಂಡಿದೆ, ಈಗ ನಿಧಾನ ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ.

"ಕುರಿ! ಕುರಿ ಬಂದವ್ರೀ!" ಎಂದು ಕೂಗಿದೆ.

"ಎಲ್ಲಿ?" ಎಂದ ಆತ.

ಆ ಮಾತು ಮುಗಿಯುವುದರೊಳಗೆ ಬಡಿದಿತ್ತು. ಗಬ್ಬದ ಕುರಿ. ಇಳಿದು ನೋಡಿದಾಗ ಅದರ ಕಾಲು ಇನ್ನೂ ಅಲುಗುತ್ತಿತ್ತು, ಸ್ವಲ್ಪ ಹೊತ್ತಿಗೆ ನಿಂತಿತು. ಕುರಿಗಾಹಿ ವಯಸ್ಸಾದವನು, ಹೆಗಲ ಮೇಲೆ ಕಂಬಳಿ, ಹಣೆಯಲ್ಲಿ ಬೀರೇಶ್ವರನ ಭಂಡಾರ. ನಾವೂ ಅದೇ ದೇವರ ಒಕ್ಕಲು, ನನ್ನ ಗಂಡನ ಹಣೆಯಲ್ಲೂ ಅದೇ ಅರಿಶಿನದ ಪುಡಿ. ಬೈಯುತ್ತಾನೆ, ಕೈ ಎತ್ತುತ್ತಾನೆ ಎಂದು ನಾನು ಸೆರಗು ಬಿಗಿದು ನಿಂತಿದ್ದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅದು ನನಗೆ ಬರುತ್ತದೆ. ಮುದುಕ ಬೈಯಲಿಲ್ಲ. ನನ್ನ ಗಂಡನ ಮುಖದ ಪಕ್ಕದಲ್ಲಿ ಕೈ ತಂದು ಮೆಲ್ಲಗೆ ಆಡಿಸಿದ. ಈತ ಕದಲಲಿಲ್ಲ.

"ತಮ್ಮಾ, ಕಣ್ಣ ಕಾಣಂಗಿಲ್ಲೇನ ನಿನಗ?" ಎಂದು ಕೇಳಿದ.

ಗಂಡ ಉತ್ತರ ಕೊಡಲಿಲ್ಲ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವ ಆತ. ಕತ್ತಲಲ್ಲಿ ಮುಟ್ಟಿಯೇ ಯಾವ ಕುರಿ ಯಾರದೆಂದು ಹೇಳುತ್ತಿದ್ದೆ ಎಂದು ನನ್ನ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದ. ಅಲ್ಲಿಂದ ಮನೆಗೂ ಆತನೇ ಓಡಿಸಿದ, ಬೇರೆ ದಾರಿ ಇರಲಿಲ್ಲ, ನನಗೆ ಗಾಡಿ ಬರುವುದಿಲ್ಲ. ಎಡಕ್ಕೆ ಸೈಕಲ್ಲು, ಬಲಕ್ಕೆ ಎತ್ತಿನ ಗಾಡಿ ಎಂದು ನಾನು ದಾರಿಯುದ್ದಕ್ಕೂ ಹೇಳುತ್ತಾ ಬಂದೆ. ಮುಧೋಳ ದಾಟುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು. ಮರುದಿನ ಮುಂಜಾನೆ ಚಹಾ ಕುಡಿಯುವಾಗ, "ಗಾಡಿ ಕೊಟ್ಟಬಿಡೂಣು," ಎಂದ. ಬಸಿಯನ್ನು ಕೆಳಗಿಟ್ಟು ಮೇಲಿನ ಷರತ್ತು ಹೇಳಿದ.

ಆ ಗುಂಡಿನ ಕತೆ ಇಷ್ಟು. ಗಾಡಿಯ ಜೊತೆ ಬಂದ ನಾಬ್ ಬಿಸಿಲಿಗೆ ಕರಗಿ ಅಂಟಂಟಾಗಿ ಒಂದು ಬೇಸಿಗೆಯಲ್ಲಿ ಎರಡು ಹೋಳಾಯಿತು. ಅಂಗಡಿಯಲ್ಲಿ ಹೊಸದು ಸಿಗುತ್ತಿತ್ತು, ಈತನಿಗೆ ಬೇಡ. ಬನಹಟ್ಟಿಯಲ್ಲಿ ಮಗ್ಗಗಳಿಗೆ ಕಟ್ಟಿಗೆಯ ಸಾಮಾನು ಕಡೆದುಕೊಡುವ ಬಡಿಗನೊಬ್ಬನಿದ್ದ. ಅವನ ಹತ್ತಿರ ಜಾಲಿ ಕಟ್ಟಿಗೆಯ ತುಂಡು ಒಯ್ದು, ತನ್ನ ಅಂಗೈ ಮುಂದೆ ಚಾಚಿ, ಇದರೊಳಗೆ ಕೂಡುವಂಥದ್ದು ಬೇಕು ಎಂದು ಕೂತು ಮಾಡಿಸಿಕೊಂಡು ಬಂದ. ಮದುವೆಯ ಉಂಗುರಕ್ಕೂ ಇಷ್ಟು ಅಳತೆ ಕೊಟ್ಟಿರಲಿಲ್ಲ ಈ ಮನುಷ್ಯ. ಗುಂಡು ಚೆಂದವಿತ್ತು, ಆದರೆ ತೂತು ಒಂದು ಎಳೆ ದೊಡ್ಡದಾಗಿ ಕಬ್ಬಿಣದ ರಾಡಿನ ಮೇಲೆ ಗಡಗಡ ಆಡುತ್ತಿತ್ತು. ಗೇರು ಹಾಕಿದರೆ ಗುಂಡು ಕೈಯಲ್ಲೇ ಬರುತ್ತಿತ್ತು.

ಅದನ್ನು ಬಿಗಿ ಮಾಡಿದವಳು ನಾನು. ನನ್ನ ತವರು ಬೀಳಗಿ ತಾಲೂಕಿನ ಅನಗವಾಡಿ, ಕಂಬಳಿ ನೇಯುವ ಮನೆ. ನಮ್ಮವ್ವ ನೂತ ಕರಿ ಉಣ್ಣೆಯ ನೂಲು ನನ್ನ ಟ್ರಂಕಿನಲ್ಲಿ ಯಾವಾಗಲೂ ಒಂದಿಷ್ಟು ಇರುತ್ತಿತ್ತು. ರಾಡಿನ ತುದಿಯಲ್ಲಿ ಸ್ಕ್ರೂವಿನಂತೆ ಕೊರೆದ ಮರೆಗಳ ಸುತ್ತ ಆ ನೂಲನ್ನು ಸುತ್ತಿದೆ. ಕಂಬಳಿ ಗಟ್ಟಿಯಾಗಲೆಂದು ಹುಣಸೆ ಬೀಜ ಅರೆದು ಕುದಿಸಿ ಗಂಜಿ ಹಚ್ಚುತ್ತಾರೆ, ಅದೇ ಗಂಜಿ ಮಾಡಿ ನೂಲಿಗೆ ಮೆತ್ತಿ, ಗುಂಡನ್ನು ತಿರುಪಿ ಕೂಡಿಸಿದೆ. ಬಿಸಿಲಿಗೆ ಒಣಗಿ ಕಲ್ಲಾಯಿತು. "ನಮ್ಮಿಬ್ಬರನ್ನ ಮಣ್ಣ ಮಾಡಿದ ಮ್ಯಾಲೂ ಇದು ಬರಂಗಿಲ್ಲ ನೋಡು," ಎಂದು ಆತ ಕುಣಿದಾಡಿದ. ಆಮೇಲೆ ಅಮಾವಾಸ್ಯೆಗೊಮ್ಮೆ ಅದರ ಮೇಲೆ ಭಂಡಾರ ಒತ್ತುವುದು, ದಸರೆಯ ಖಂಡೆ ಪೂಜೆಗೆ ಎಣ್ಣೆ ಸವರುವುದು. ಅರಿಶಿನ, ಎಣ್ಣೆ, ಬೆವರು ಕೂಡಿ ಸಂದೆಲ್ಲ ತುಂಬಿ, ಗುಂಡು ಯಾವುದು ರಾಡು ಯಾವುದು ಗೊತ್ತಾಗದ ಹಾಗೆ ಆಗಿತ್ತು. ಅಂಗೈ ಕೂಡುವ ಕಡೆ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು.

ಕಾರು ಕೊಳ್ಳುವವ ತೇರದಾಳದ ಕಡೆಯ ರೈತ. ಮಧ್ಯಾಹ್ನದೊಳಗೆ ಬಂದು ಒಯ್ಯುತ್ತೇನೆ ಎಂದಿದ್ದ. ಅವತ್ತು ಭಾನುವಾರ, ನನಗೆ ರಜೆ. ಗಂಡ ನಸುಕಿನಲ್ಲೇ ಎದ್ದು ಗಾಡಿ ತೊಳೆದಿದ್ದ. ಕಣ್ಣಿಂದಲ್ಲ, ಕೈಯಿಂದ. ಬಾನೆಟ್ಟಿನಿಂದ ಹಿಂದಿನ ನಂಬರು ಹಲಗೆಯ ತನಕ ಅರಿವೆ ಆಡಿಸಿ, ಕೈ ಬಿಟ್ಟ ಜಾಗವನ್ನು ಬೆರಳಿನಿಂದ ಮುಟ್ಟಿ ಮತ್ತೆ ಒರೆಸುತ್ತಿದ್ದ. ಮಾರುವ ಗಾಡಿಗೆ ಇಷ್ಟು ಉಪಚಾರ ಯಾಕೆ ಎಂದು ಕೇಳಲು ಬಾಯಿ ತೆಗೆದವಳು ಹಾಗೇ ಮುಚ್ಚಿಕೊಂಡೆ. ಆಮೇಲೆ ಒಳಗೆ ಕೂತು ಗುಂಡು ಹಿಡಿದು ತಿರುಗಿಸಿದ. ಬರಲಿಲ್ಲ. ನಾನು ಟವೆಲ್ಲು ಸುತ್ತಿ ಎರಡೂ ಕೈಯಿಂದ ತಿರುಗಿಸಿದೆ. ನನ್ನ ಬಳೆ ಒಡೆಯಿತೇ ಹೊರತು ಗುಂಡು ಕದಲಲಿಲ್ಲ.

ಗ್ಯಾರೇಜಿನವನನ್ನು ಕರೆಸಿದೆ. ಮೂರನೆಯ ಕೀಲಿಕೈ ಕೊಟ್ಟ ಪುಣ್ಯಾತ್ಮ ಇವನೇ. ಆದರೆ ಆ ಗಾಡಿಯ ಒಂದೊಂದು ಮೊಳೆಯೂ ಅವನಿಗೆ ಗೊತ್ತು. ಬಂದವನೇ ಗುಂಡಿಗೆ ಸೈಕಲ್ಲಿನ ಟ್ಯೂಬು ಸುತ್ತಿ ದೊಡ್ಡ ಪಾನಾ ಹಾಕಿ ಜಗ್ಗಿದ. ಟ್ಯೂಬು ಹರಿಯಿತು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾದ, ಮತ್ತೆ ಜಗ್ಗಿದ. ರಾಡು ಕಿರ್ ಅಂದಿತು, ಗುಂಡು ಅಲ್ಲೇ ಇತ್ತು.

"ಕಾಕಾ, ಏನ್ ಹಚ್ಚೀರಿ ಇದಕ್ಕ? ವೆಲ್ಡಿಂಗ್ ಮಾಡಿಸೀರೇನು?" ಎಂದ.

ಗಂಡ ಹೊರಗೆ ಗಾಡಿಯ ಟಾಪಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. "ಹಚ್ಚಿದಾಕಿ ಅಲ್ಲೇ ನಿಂತಾಳ, ಕೇಳು," ಎಂದು ನನ್ನ ಕಡೆ ಗದ್ದ ಮಾಡಿದ. ಅಷ್ಟು ದಿನಗಳಲ್ಲಿ ಆತ ನಕ್ಕದ್ದು ಅದೊಂದೇ ಸಲ.

ನಾನು ಹೇಳಿದೆ. ಗ್ಯಾರೇಜಿನವ ಪಾನಾ ಕೆಳಗಿಟ್ಟು ನಗತೊಡಗಿದ. "ಎಲ್ಲಾರೂ ಗಾಡಿಗೆ ಕವರ್ ಹಾಕತಾರು, ನೀವು ಕಂಬಳಿ ಹೊಚ್ಚೀರಲ್ರೀ ಅಕ್ಕೋರ!" ನನಗೆ ನಗು ಬರಲಿಲ್ಲ. ಹೊತ್ತು ಏರುತ್ತಿತ್ತು. ಗಂಡ ಗಳಿಗೆಗೊಮ್ಮೆ "ಬಂತೇನು?" ಎಂದು ಕೇಳುತ್ತಿದ್ದ. ಬಂದಿಲ್ಲ ಎಂದಾಗ ಆತನ ಮುಖದಲ್ಲಿ ಬೇಸರ ಕಾಣುತ್ತಿರಲಿಲ್ಲ. ನಾನು ಸರಿಯಾಗಿ ನೋಡಿದೆ. ಅಲ್ಲಿ ಇದ್ದದ್ದು ನಿರಾಳ. ಗುಂಡು ಬರದಿದ್ದರೆ ಗಾಡಿ ಹೋಗುವ ಹಾಗಿಲ್ಲ, ಮಾತು ಆದದ್ದೇ ಹಾಗೆ.

ಅಷ್ಟರಲ್ಲಿ ತೇರದಾಳದವನು ಬಂದ. ಮೃದು ಮನುಷ್ಯ, ಚಪ್ಪಲಿ ದೂರ ಬಿಟ್ಟು ಗಾಡಿಗೆ ಕೈ ಮುಗಿದು ಒಳಗೆ ಇಣುಕಿದ. ವಿಷಯ ತಿಳಿದ ಮೇಲೆ, "ಇರಲಿ ಬಿಡ್ರಿ ಕಾಕಾ, ನಾ ಊರಿಗೆ ಒಯ್ದು ಬಿಚ್ಚಿಸಿ ಕಳಸ್ತೇನಿ. ನನಗ್ಯಾಕ ಬೇಕ್ರಿ ನಿಮ್ಮ ಗುಂಡು?" ಎಂದ.

"ಹಂಗಾರ ಗಾಡೀನೂ ನಾಳಿ ಒಯ್ಯಿ," ಎಂದ ನನ್ನ ಗಂಡ.

ನಾಳೆ ಎಂದರೆ ಏನೆಂದು ನನಗೆ ಗೊತ್ತಿತ್ತು. ನಾಳೆ ಗುಂಡು ಬರುವುದಿಲ್ಲ, ನಾಡಿದ್ದು ಮುಹೂರ್ತ ಸರಿ ಇರುವುದಿಲ್ಲ, ಅದರಾಚೆ ಯಾರೋ ಒಬ್ಬರಿಗೆ ಅರ್ಜೆಂಟಾಗಿ ಮುಧೋಳದ ದವಾಖಾನೆಗೆ ಹೋಗಬೇಕಾಗುತ್ತದೆ, ಈತ ಕೀಲಿಕೈ ಹಿಡಿದು ಹೊರಡುತ್ತಾನೆ. ಶಾಲೆ ಬಿಟ್ಟ ಮೇಲೆ ನನ್ನ ತರಗತಿಯ ಮಕ್ಕಳು ರಸ್ತೆಯ ಅಂಚಿನಲ್ಲಿ ಒಬ್ಬರನ್ನೊಬ್ಬರು ತಳ್ಳಾಡುತ್ತಾ ಹೋಗುತ್ತವೆ. ಅಂಚಿನಲ್ಲಿ, ಅಂದರೆ ಆತನ ಪಾಲಿಗೆ ಏನೂ ಇಲ್ಲದ ಜಾಗದಲ್ಲಿ. ಈ ಗಾಡಿ ಇವತ್ತೇ ಹೋಗಬೇಕಿತ್ತು.

ಗ್ಯಾರೇಜಿನವ ಉಳಿ ತೆಗೆದ. "ಒಂದ ಏಟಿನ ಕೆಲಸ ಕಾಕಾ. ಹೋಳ ಮಾಡಿ ತೆಗದು, ಆಮ್ಯಾಲ ಫೆವಿಕಾಲ್ ಹಚ್ಚಿ ಕೂಡಿಸಿ ಕೊಡ್ತೇನಿ. ಗೊತ್ತ ಆಗಂಗಿಲ್ಲ."

ಗಂಡ ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತ. ಎಡಗೈಯನ್ನು ಗುಂಡಿನ ಮೇಲೆ ಪೂರ್ತಿ ಮುಚ್ಚಿಟ್ಟ. "ಇಡು ಉಳಿ. ನನ್ನ ಕೈ ಮ್ಯಾಲ ಇಡು," ಎಂದ. ದನಿ ಏರಿಸಲಿಲ್ಲ. ಗ್ಯಾರೇಜಿನವ ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

ನಾನು ಒಳಗೆ ಹೋಗಿ ಬಚ್ಚಲ ಒಲೆಯ ಮೇಲಿದ್ದ ನೀರನ್ನು ತಂಬಿಗೆಯಲ್ಲಿ ತೋಡಿಕೊಂಡೆ. ಹೊಸ ಕಂಬಳಿ ಮೊದಲ ಮಳೆಗೆ ನೆನೆದರೆ ಗಂಜಿ ಮೆತ್ತಗಾಗಿ ಕೈಗೆ ಅಂಟುತ್ತದೆ, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಇದು ವರ್ಷಗಟ್ಟಲೆ ಒಣಗಿ ಕೂತದ್ದು, ಅದರ ಮೇಲೆ ಇಷ್ಟು ಎಣ್ಣೆ ಬೇರೆ. ನಂಬಿಕೆ ಏನೂ ಇರಲಿಲ್ಲ. ಸುಮ್ಮನೆ ಕೈಕಟ್ಟಿ ನಿಲ್ಲಲಾರದೆ ಮಾಡಿದೆ. ಹಳೆ ಸೀರೆಯ ಪಟ್ಟಿಯೊಂದನ್ನು ಬಿಸಿ ಸೋಪಿನ ನೀರಲ್ಲಿ ಅದ್ದಿ ಗುಂಡಿನ ಕುತ್ತಿಗೆಗೆ ಸುತ್ತಿದೆ. ಚಮಚದಿಂದ ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತಾ ಹೋದೆ.

"ನೀರ ಕುಡದ್ರ ಉಣ್ಣಿ ಉಬ್ಬತೈತ್ರಿ ಅಕ್ಕೋರ. ಇನ್ನಷ್ಟ ಬಿಗಿ ಆಕ್ಕೈತಿ," ಎಂದ ಗ್ಯಾರೇಜಿನವ.

ಅವನು ಹೇಳಿದ್ದು ಖರೆ. ಮೊದಲು ತಿರುಗಿಸಿ ನೋಡಿದಾಗ ಇನ್ನೂ ಬಿಗಿಯಾಗಿತ್ತು. ಸುಮ್ಮನೆ ಇರಪ್ಪಾ ಮಾರಾಯ ಎಂದು ಅವನ ಮೇಲೆ ರೇಗಿದೆ. ಪಟ್ಟಿ ಬದಲಿಸಿದೆ, ಮತ್ತೆ ಬಿಸಿನೀರು ಬಿಟ್ಟೆ. ತೇರದಾಳದವನು ಬೇವಿನ ಗಿಡದ ನೆರಳಲ್ಲಿ ಕೂತು ಕೊಟ್ಟ ಚಹಾ ಕುಡಿದ. ಗಂಡ ಸೀಟು ಬಿಟ್ಟು ಏಳಲಿಲ್ಲ. ನಾನು ಪಕ್ಕದ ಸೀಟಿನಲ್ಲಿ, ಆತ ಆತನ ಸೀಟಿನಲ್ಲಿ, ನಡುವೆ ಹಬೆಯಾಡುವ ಗುಂಡು. ಜ್ವರ ಬಂದ ಕೂಸಿನ ಹಣೆಗೆ ಪಟ್ಟಿ ಹಾಕುತ್ತಾ ಕೂತ ಹಾಗೆ ಕೂತಿದ್ದೆವು.

ಸ್ವಲ್ಪ ಹೊತ್ತಿಗೆ ವಾಸನೆ ಬಂತು. ತೊಯ್ದ ಉಣ್ಣೆಯ ವಾಸನೆ, ಅದರೊಳಗೆ ಹುಳಿ ಹುಳಿ ಗಂಜಿ. ನಮ್ಮವ್ವನ ಸೀರೆಯ ವಾಸನೆ ಅದು. ಅವ್ವ ಹೋಗಿ ಬಹಳ ದಿನವಾಗಿತ್ತು, ಅವಳ ಮಗ್ಗ ಬಿಚ್ಚಿ ಒಲೆಗೆ ಹಾಕಿಯೂ ಆಗಿತ್ತು. ಈ ಕಾರಿನ ಗೇರಿನೊಳಗೆ ಮಾತ್ರ ಅವಳು ನೂತ ಒಂದು ಎಳೆ ಉಳಿದುಕೊಂಡಿತ್ತು, ಅದನ್ನು ನಾನೇ ಕೂತು ಕರಗಿಸುತ್ತಿದ್ದೆ. ನನಗೆ ಅಳು ಬಂತು. ಆತನಿಗೆ ಪಕ್ಕದಲ್ಲಿರುವುದು ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ಸದ್ದಿಲ್ಲದೆ ಅತ್ತೆ.

"ಅತ್ತ ಸರಿ ನೀ," ಎಂದ ಗಂಡ. ಪಟ್ಟಿಯನ್ನು ತೆಗೆದು ನನ್ನ ಮಡಿಲಿಗೆ ಹಾಕಿ, ಅಂಗೈಯನ್ನು ಗುಂಡಿನ ಮೇಲೆ ಇಟ್ಟ. ತಿರುಗಿಸುತ್ತಾನೆ ಎಂದುಕೊಂಡೆ. ತಿರುಗಿಸಲಿಲ್ಲ. ಕ್ಲಚ್ ಒತ್ತಿ ಒಂದನೇ ಗೇರು ಹಾಕಿದ. ಗಾಡಿ ಚಾಲೂ ಇರಲಿಲ್ಲ. ಎರಡನೇದಕ್ಕೆ ತಂದ, ತಡೆದ. ಮೂರು. ಮುಖ ನೇರ ಮುಂದಕ್ಕೆ, ಗೋಡೆಯ ಕಡೆ. ನಾಲ್ಕಕ್ಕೆ ಹಾಕಿ ಬಹಳ ಹೊತ್ತು ಹಾಗೇ ಬಿಟ್ಟ, ಮುಧೋಳ ದಾಟಿದ ಮೇಲೆ ರಸ್ತೆ ನೆಟ್ಟಗೆ ಬಿದ್ದಾಗ ಬಿಡುತ್ತಿದ್ದ ಹಾಗೆ. ಮತ್ತೆ ಮೂರು, ಎರಡು. ಆತ ಗುಂಡು ಬಿಚ್ಚುತ್ತಿಲ್ಲ, ಗಾಡಿ ಓಡಿಸುತ್ತಿದ್ದಾನೆ ಎಂದು ನನಗೆ ಆಗ ಹೊಳೆಯಿತು. ಹೊರಗೆ ನಿಂತವರಿಗೂ ಹೊಳೆದಿರಬೇಕು, ಗ್ಯಾರೇಜಿನವ ಗಾಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಕೊನೆಗೆ ರಿವರ್ಸಿಗೆ ಎಳೆದ. ಒಳಗೆ ಕುಸುಕ್ ಎಂದು ಏನೋ ಜಾರಿತು. ಗುಂಡು ಆತನ ಅಂಗೈಯಲ್ಲಿ ಸಡಿಲಾಯಿತು.

ಉಳಿದದ್ದು ತಾನಾಗಿಯೇ ಬಂತು. ತಿರುಗಿಸಿದಂತೆಲ್ಲ ಗುಂಡಿನ ಹಿಂದೆ ತೊಯ್ದ ಕರಿ ನೂಲು ಹಿಂಜಿ ಹಿಂಜಿ ಹೊರಬಂದು ಆತನ ಪ್ಯಾಂಟಿನ ಮೇಲೆ ಬಿತ್ತು. ರಾಡು ಬೋಳಾಗಿ ನಿಂತಿತು, ಮರೆಗಳ ಮೇಲೆ ಅರಿಶಿನ ಮೆತ್ತಿದ ಕಬ್ಬಿಣ. "ಬಂತ್ರೀ," ಎಂದೆ. ಆತನಿಗೆ ನಾನು ಹೇಳಬೇಕಾಗಿರಲಿಲ್ಲ.

ಮಾತು ಮಾತೇ. ಆತ ಇಳಿದು ಕೀಲಿಕೈಗಳನ್ನು ತೇರದಾಳದವನ ಕೈಗೆ ಹಾಕಿದ, ಮೂರನ್ನೂ. ಆ ಮನುಷ್ಯ ಕೂತು ಗಾಡಿ ಚಾಲೂ ಮಾಡಿ ಗೇರು ಹಾಕಲು ಹೋದರೆ ರಾಡಿನ ತುದಿ ಅಂಗೈಗೆ ಚುಚ್ಚಿತು. ಜೇಬಿನಿಂದ ಕರವಸ್ತ್ರ ತೆಗೆದು ಅದರ ತಲೆಗೆ ಸುತ್ತಿಕೊಂಡ. ರಿವರ್ಸು ಹಾಕುವಾಗ ಗೇರು ಗರ್ರ್ ಎಂದಿತು. ನನ್ನ ಗಂಡನ ಎಡಗಾಲು ನಿಂತಲ್ಲೇ ನೆಲವನ್ನು ಒತ್ತಿತು. "ಕ್ಲಚ್ ಪೂರಾ ಒತ್ತವಲ್ಲ," ಎಂದು ತನಗೇ ಹೇಳಿಕೊಂಡ. ಗಾಡಿ ಓಣಿಯ ತಿರುವಿನಲ್ಲಿ ಸದ್ದಾಗಿ, ಆ ಸದ್ದು ಬನಹಟ್ಟಿ ರಸ್ತೆಯ ಉಳಿದ ಸದ್ದಿನೊಳಗೆ ಸೇರಿಹೋಗುವ ತನಕ ಆತ ಅಲ್ಲೇ ನಿಂತಿದ್ದ. ನಾನು ನೆಲದ ಮೇಲೆ ಬಿದ್ದಿದ್ದ ಎಣ್ಣೆಯ ಕಲೆಗೆ ಮಣ್ಣು ಹಾಕಿದೆ.

ಗೆದ್ದೆ ಎಂದುಕೊಂಡಿದ್ದೆ. ಸಂಜೆ ಆತ ಮಂಚದ ಮೇಲೆ ಕೂತು ಗುಂಡನ್ನು ಅಂಗೈಯಲ್ಲಿಟ್ಟು ಹೊರಳಿಸುತ್ತಿದ್ದ. ಮೊಣಕಾಲಿನ ಮೇಲೆ ಇಟ್ಟು ಅದರ ಮೇಲೆ ಕೈ ಹೇರಿ ಮುಂದೆ ದೂಡಿದ. ಗುಂಡು ಜಾರಿ ನೆಲಕ್ಕೆ ಬಿತ್ತು. ಅದು ಯಾವ ಕಡೆ ಉರುಳಿತು ಎಂದು ಆತನಿಗೆ ತಿಳಿಯಲಿಲ್ಲ, ಕೈಯಾಡಿಸಿ ಹುಡುಕಿದ. ನಾನು ಎತ್ತಿ ಕೊಟ್ಟೆ. ಮೂಗಿನ ಹತ್ತಿರ ತಂದು ಮೂಸಿ, ನನಗೇ ವಾಪಸು ಚಾಚಿದ.

"ಇದಲ್ಲ," ಎಂದ.

"ಅದs ಐತ್ರೀ. ನಿಮ್ಮ ಕಣ್ಣ ಮುಂದs ಬಿಚ್ಚಿಲ್ಲೇನು?"

"ಅದ ಇರಬೇಕು. ಖರೆ, ಇದಲ್ಲ. ಇದರ ಬುಡಕ ಏನೂ ಇಲ್ಲ."

ಇಡೀ ದಿನ ಹೋರಾಡಿ ನಾನು ಬಿಡಿಸಿ ತಂದದ್ದು ಒಂದು ಕಟ್ಟಿಗೆಯ ತುಂಡು. ಆತನಿಗೆ ಬೇಕಾಗಿದ್ದದ್ದು ಅದರ ಕೆಳಗಿನ ನಡುಕ, ಅದು ತೇರದಾಳಕ್ಕೆ ಹೋಗಿತ್ತು. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಿದರು. ಹಿಡಿದು ನಡೆಯುವ ಕೋಲಿನ ತುದಿಗೆ ಅದನ್ನು ಕೂಡಿಸಿಕೊಳ್ಳಿ, ಕೈಗೆ ಚೆಂದ ಹತ್ತುತ್ತದೆ ಎಂದ ಗ್ಯಾರೇಜಿನವ. ಆತನಿಗೆ ಅದು ಕೇಳಿ ಮೈ ಉರಿಯಿತು. "ಕೋಲ ಬಿಟ್ಟ ಬಂದs ಸ್ಟೇರಿಂಗ್ ಹಿಡದಾಂವ ನಾ. ಮತ್ತ ಕೋಲ ಹಿಡಿ ಅಂತಿಯೇನ?" ಎಂದ. ಆತನ ಅಪ್ಪ ಜೀವನವಿಡೀ ಕೋಲು ಹಿಡಿದು ಕುರಿಗಳ ಹಿಂದೆ ನಡೆದವನು. ಗುಂಡು ದೇವರ ಜಗುಲಿಯ ಮೇಲೆ ಭಂಡಾರದ ಬಟ್ಟಲಿನ ಪಕ್ಕ ಸೇರಿತು. ಪೂಜೆಯ ಹೊತ್ತಿಗೆ ನಾನೇ ಅದಕ್ಕೂ ಒಂದು ಬೊಟ್ಟು ಇಡುತ್ತೇನೆ, ಆತ ಮುಟ್ಟುವುದಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಮನೆಯಲ್ಲೇ ಇರುವ ಗಂಡನನ್ನು ನಾನು ಬೈದರೆ ಮೊದಲಿನ ಹಾಗೆ ಹೊರಗೆ ಹೋಗುವ ಜಾಗವೂ ಆತನಿಗೆ ಇರಲಿಲ್ಲ. ಹಾಗಾಗಿ ಬೈಯುವುದನ್ನೂ ಬಿಟ್ಟೆ. ಪಾತ್ರೆಗಳ ಸದ್ದು ಮಾತ್ರ ಹೆಚ್ಚಾಯಿತು. ಬಾಗಿಲಲ್ಲಿ ಹಾರ್ನು ಕೇಳಿದರೆ ಇಂಥ ಗಾಡಿ, ಇಂಥವನದು ಎಂದು ಹೇಳುತ್ತಿದ್ದವ ಅದನ್ನೂ ಹೇಳದಾದ.

ಆ ವರ್ಷ ಒಂದು ಅಮಾವಾಸ್ಯೆಗೆ ಅನಗವಾಡಿಗೆ ಹೊರಟೆವು. ಬೀಳಗಿ ತನಕ ಬಸ್ಸು, ಅಲ್ಲಿಂದ ಬೇರೆ ಗಾಡಿ. ಬಸ್ಸಿನಲ್ಲಿ ಗಿರಾಕಿಯಾಗಿ ಕೂತು ಆತನಿಗೆ ರೂಢಿಯೇ ಇಲ್ಲ. ಜಮಖಂಡಿ ಸ್ಟ್ಯಾಂಡಿನಲ್ಲಿ ಕೈ ಹಿಡಿದು ಹತ್ತಿಸಲು ಹೋದರೆ ಕೊಸರಿಕೊಂಡ. ಹತ್ತಿ ಬಲಗಡೆಯ ಸೀಟನ್ನು ಹುಡುಕಿ ಕಿಟಕಿಗೆ ಕೂತ. ಡ್ರೈವರ್ ಕೂಡುವ ಬದಿ ಅದು, ಅದಕ್ಕೇ ಇರಬೇಕು. ನಾನು ಆತನ ಎಡಕ್ಕೆ ಕೂತು, ಕೈಚೀಲದ ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ನಮ್ಮಿಬ್ಬರ ನಡುವೆ ಇಟ್ಟುಕೊಂಡೆ.

ಬಸ್ಸು ಊರು ಬಿಟ್ಟು ಹೊರಬಿದ್ದಿತ್ತು. ಆತನ ಅಂಗೈ ಬಂದು ನನ್ನ ಮುಷ್ಟಿಯ ಮೇಲೆ ಕೂತಿತು. ಹೆದರಿದ್ದಾನೆ, ಹೊಸ ಜಾಗ ಎಂದುಕೊಂಡೆ. ಮದುವೆಯಾದಾಗಿನಿಂದ ಮಂದಿಯ ಮುಂದೆ ಕೈ ಹಿಡಿದವರಲ್ಲ ನಾವು. ಅಷ್ಟರಲ್ಲಿ ಎಂಜಿನ್ನಿನ ಸದ್ದು ಏರಿ ತಗ್ಗಿತು, ನನ್ನ ಮುಷ್ಟಿ ಮೆಲ್ಲಗೆ ಹಿಂದಕ್ಕೆ ಎಳೆಯಲ್ಪಟ್ಟಿತು. ರಸ್ತೆ ಉಬ್ಬು ಬಂದಾಗ ಮುಂದಕ್ಕೆ. ದಾಟಿದ ಮೇಲೆ ಮತ್ತೆ ಹಿಂದಕ್ಕೆ. ಆತನ ಎಡಗಾಲು ಮುಂದಿನ ಸೀಟಿನ ಕೆಳಗೆ ಒತ್ತುತ್ತಿತ್ತು, ಬಿಡುತ್ತಿತ್ತು. ಮುಖ ನೇರ ಮುಂದಕ್ಕೆ.

ಪಕ್ಕದ ಸೀಟಿನ ಹೆಂಗಸು ಕತ್ತು ತಿರುಗಿಸಿ ನಮ್ಮ ಕೈಗಳನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು.

"ಏನ್ರೀ ಇದು. ಮಂದಿ ನೋಡಾಕತ್ತಾರ," ಎಂದು ಪಿಸುಗುಟ್ಟಿದೆ.

"ನೋಡ್ಲಿ," ಎಂದ ಆತ. "ನನಗ ಕಾಣಂಗಿಲ್ಲ."

ಲೋಕಾಪುರದ ರಸ್ತೆಯಲ್ಲಿ ಆ ಮುದುಕ ಕೇಳಿದ ಮಾತಿಗೆ ಆತ ಉತ್ತರ ಕೊಟ್ಟದ್ದು ಆಗ. ಮುಂದೆ ಬಸ್ಸು ಏರಿಗೆ ಉಸಿರುಗಟ್ಟಿ ನರಳಿತು. "ಈಗ ಎರಡಕ್ಕ ಹಾಕಬೇಕಿತ್ತು, ತಡಾ ಮಾಡಿದ," ಎಂದು ಗೊಣಗಿ ಆತ ನನ್ನ ಕೈಯನ್ನು ಹಿಂದೆ ಎಳೆದ. ಬೆರಳು ಜೋಮು ಹಿಡಿದು ನೋಯುತ್ತಿದ್ದವು. ಬೀಳಗಿ ಬರುವ ತನಕ ನಾನು ಮುಷ್ಟಿ ಬಿಚ್ಚಲಿಲ್ಲ.